ಹೊಸಾ ಕಂಬಳಿ ಮ್ಯಾಲ ಮೊದಲ ಕುಂತಾಕಿ

ಅಲ್ಲಾಡಬ್ಯಾಡ ಬೇ ಆಯಿ, ಎಣ್ಣಿ ನೆಲಕ್ಕ ಸೋರಾಕತ್ತೈತಿ. ಇನ್ನೊಂದು ತೋಳು ತಾ... ಅಯ್ಯ, ಏನ್ ದದ್ದರ ಎದ್ದಾವ. ಕೊಬ್ರಿ ಎಣ್ಣಿ ತಂಪು, ತುರಿಕಿ ಇಳೀತೈತಿ. ಏನು? ಕೈಲೆ ಯಾಕ ಹಚ್ಚವಲ್ಲ ಅಂತ ನೋಡಾಕತ್ತಿಯೇನು? ಅರಬಿಲೆ ಹಚ್ಚಿದ್ರ ಮೆತ್ತಗ ಆಗ್ತೈತಿ, ಅದಕ್ಕ.

ಎಲ್ಲಿಗೆ ಬಂದಿದ್ದೆ? ಹಾಂ, ತಪ್ಪು ಗುರುಶಾಂತಂದು. ಹಂಗ ನೋಡಬ್ಯಾಡ. ಕಾಕಾನ ಮಗ ಅಂತ ನನಗೇನ್ ಹೊಟ್ಟಿಕಿಚ್ಚಿಲ್ಲ. ನೀ ಕುಂತ ಆ ಹೊಸಾ ಕಂಬಳಿ ಹೊರಗ ತಂದಾಂವ ಯಾರು? ಅವ. ಹಾಸಿದಾಂವ ಯಾರು? ಅವನೇ. ಝಾಡಿಸಿ ಹಾಸಬೇಕು ಅನ್ನೂವಷ್ಟು ಬುದ್ಧಿ ಬ್ಯಾಡ? ಅಣ್ಣಾರಾಯ ಕಾಕಾ ಅಂಗಳದಾಗ ಅವನ್ನ ಬೈಯಾಕತ್ತಾನ, ಕೇಳಿಲ್ಲೋ? ಬೈಲಿ. ನೀನೂ ಒಂದ್ ಮಾತ ಅಂದುಬಿಡು, 'ಅವಂದೇ ತಪ್ಪು, ಮುಂದಿನ ಐತವಾರ ನನ್ನ ಹಿಂದ ಮರೆಪ್ಪ ಹಾಡ್ಲಿ' ಅಂತ. ಅಷ್ಟಾದ್ರ ಸಾಕು ಈ ಮರೆಪ್ಪಗ.

ಯಾಕ ಆ ಕಡೆ ಮಾರಿ ತಿರುವಿದಿ?

ನೀನೇ ಹೇಳು. ಅಕ್ಕಲಕೋಟಿಗೆ ದಿನಾ ಎಷ್ಟ್ ಮಂದಿ ಬರ್ತಾರ. ಪುಣೆ, ಮುಂಬಯಿ, ಎಲ್ಲಿಂದೆಲ್ಲಿಂದೋ. ದರ್ಶನ ಮಾಡ್ತಾರ, ಪ್ರಸಾದ ಉಣ್ತಾರ, ಸೊಲ್ಲಾಪುರದಾಗ ಚಾದರ ತಗೋತಾರ, ಶೇಂಗಾ ಚಟ್ನಿ ಕಟ್ಟಿಸ್ಕೋತಾರ... ಹೋದ್ರು. ನಮ್ಮ ವಾಗದರಿ ಕಡೆ ಒಬ್ಬರರ ಹೊಳ್ಳಿ ನೋಡ್ಯಾರ? ನಮ್ಮ ದೇವರು ಬೀರೋಬಾ ಇಲ್ಲೇ ಅದಾನ, ಡೊಳ್ಳು ಇಲ್ಲೇ ಅದಾವ. ನಿನ್ನ ಹಾಡು, ಬೆಳತನಕಾ ಹಾಡಿದ್ರೂ ತೀರೂದಿಲ್ಲ. ಮರಾಠಿ ಸಾಲ್ಯಾಗ ಹುಡುಗ್ರು ನನಗ 'ಕಾನಡಿ, ಕಾನಡಿ' ಅಂತ ಚಾಷ್ಟಿ ಮಾಡ್ತಿದ್ರು. ದುಧನಿ ದಾಟಿ ಕಲಬುರ್ಗಿ ಕಡೆ ಹೋದ್ರ 'ಮಹಾರಾಷ್ಟ್ರದವ್ರೇನು' ಅಂತಾರ. ಅದಕ್ಕ ಆವತ್ತ ಆ ಪುಣೆದ ಟೂರ್ ಮ್ಯಾಡಮ್ ಜೀಪ್ ಇಳದು, 'ಇಂಥಾದ್ದು ನೋಡಾಕ ಮಂದಿ ಬಸ್ ತುಂಬಿ ಬರ್ತಾರ' ಅಂದಾಗ ನನ್ನ ಎದೀನೂ ಉಬ್ಬಿತ್ತು. ಹಾಡಾಕ ಒಬ್ಬಾಕಿ ಹಿರೇಕಿ, ಹಿಂದ ದನಿ ಹಿಡಿಯಾಕ ಒಬ್ಬ ಮೊಮ್ಮಗ ಬೇಕು ಅಂದ್ಲು. ನೀ ಯಾರ ಕಡೆ ಬೊಟ್ಟ ಮಾಡಿದಿ?

ಗುರುಶಾಂತನ ಕಡೆ. ಅವ ಮೊನ್ನೆ ತನಕಾ ಹರಕ್ ಜೀನ್ಸ್ ಹಾಕ್ಕೊಂಡು ದುಧನಿ ಟೇಸನ್‌ದಾಗ ಕುಂತು ರೈಲಿಗೆ ಕೈ ಮಾಡ್ತಿದ್ದ. ಇವತ್ತ ರುಮಾಲ ಸುತ್ತಿಕೊಂಡು ನಿಂತ, ಮ್ಯಾಡಮ್ 'ಹಾಚ್ ಖರಾ ಭಾರತ' ಅಂದ್ಲು. ಇದೇ ಖರೇ ಭಾರತ ಅಂತ. ಆ ರುಮಾಲ ನಂದು ಆಯಿ. ಸುತ್ತಿದ್ದೂ ನಾನೇ. ಭಾರತಕ್ಕ ರುಮಾಲ ಸುತ್ತಾಕ ಬರಂಗಿಲ್ಲ, ನಾ ಸುತ್ತಿ ಕಳಿಸೀನಿ.

ನಗಾಕತ್ತಿ ನೋಡು. ನಾ ಬಾಯಿ ತಗದ್ರ ಎಲ್ಲಾರೂ ನಗ್ತಾರ. ಮರೆಪ್ಪ ಅಂದ್ರ ಮದಿವ್ಯಾಗ ಬೀಗರ ಚಪ್ಪಲಿ ಗಿಡಕ್ಕ ಕಟ್ಟಾಂವ, ಅಷ್ಟೇ. ಹಾಡು ಅಂದ್ರ ಗುರುಶಾಂತ. ನಿನ್ನ ಹಾಡಿನ ನುಡಿ ಅವಗಿಂತ ನನಗ ಹೆಚ್ಚ ಬರ್ತಾವ, ಗೊತ್ತೈತಿ? ಕುರಿ ಹಿಂದ ಹೋದಾಗ ಒಬ್ಬನೇ ಹಾಡ್ತೀನಿ. ಕುರಿ ಎಂದೂ ನಕ್ಕಿಲ್ಲ.

ಇವತ್ತ ನಿನ್ನ ಮೈಯೆಲ್ಲಾ ಉರೀತಿತ್ತು... ಆದ್ರೂ ಕೆರಕೊಳ್ಳಲಿಲ್ಲ, ಏಳಲಿಲ್ಲ. ಕಣ್ಣಾಗ ನೀರು ದಳದಳ. ಮ್ಯಾಡಮ್ ಭಕ್ತಿ ಅಂತ ತಿಳಕೊಂಡು ತಾನೂ ಅತ್ಲು, ಎಲ್ಲಾ ಮೊಬೈಲ್‌ದಾಗ ಹಿಡದ್ಲು. ಹಾಡು ಮುಗಿಸಿ ನೀನೇ ಕಂಬಳಿ ಸುರಳಿ ಸುತ್ತಿ ಒಳಗ ಒಯ್ದಿ, 'ಪಾವಣೇರಿಗೆ ಚಾಪಿ ಹಾಸ್ರಿ' ಅಂದಿ. ಮ್ಯಾಡಮ್ ಮುಂದಿನ ಐತವಾರ ಬಸ್ ತರ್ತೀನಿ ಅಂತ ಕೈ ಮುಗದು ಹೋದ್ಲು. ಅದೆಲ್ಲಾ ಇರ್ಲಿ, ಹಾಡೂವಾಗ ನನ್ನ ಮಾರಿ ಯಾಕ ನೋಡ್ತಿದ್ದಿ? ಮುಂದಿನ ನುಡಿ ಎತ್ತು ಅಂತ ಸನ್ನಿ ಮಾಡಾಕತ್ತಿ ಅಂದ್ಕೊಂಡೆ. ಬಾಯಿ ತಗದೂ ಇದ್ದೆ... ಗುರುಶಾಂತ ಎತ್ತಿಬಿಟ್ಟ.

ಮತ್ತ ಇದೆಂಥಾ ಪದ್ಧತಿ ಬೇ. ಹೊಸಾ ಕಂಬಳಿ ಮ್ಯಾಲ ಮೊದಲ ಮನಿ ಹಿರೇಕಿ ಕುಂಡ್ರಬೇಕಂತ, ಅರಿಷಿಣ ಭಂಡಾರ ಹಾಕಿ ಬೀರೋಬಾನ ಒಂದ್ ಹಾಡು ಮುಗಿಸಬೇಕಂತ, ನಡಕ ಏಳಬಾರದಂತ. ಆಮ್ಯಾಲ ಬಂದ ಪಾವಣೇರು ಕುಂಡ್ರಬೇಕಂತ. ಇದನ್ನ ನನಗ ಯಾರ್ ಹೇಳ್ಯಾರ? ಅದನ್ನೂ ಅವಗೇ ಹೇಳಿದ್ದಿ. ನನಗ ಮೊದಲೇ ಗೊತ್ತಿದ್ರ ನಾ ಯಾಕ...

ಏನಿಲ್ಲ. ಗೊತ್ತಿದ್ರ ನಿನಗ ಬ್ಯಾರೆ ಚಾಪಿ ಹಾಸ್ತಿದ್ದೆ ಅಂದೆ.

ಈ ಕೈ? ಥಂಡಿ ಆಗೈತಿ, ಅದಕ್ಕ ಕಿಸೇದಾಗ ಇಟ್ಟೀನಿ. ಬ್ಯಾಸಗ್ಯಾಗ ಥಂಡಿ ಆಗಬಾರದೇನು? ಬಿಡು ಬೇ, ಜಗ್ಗಬ್ಯಾಡ... ಅವು ಸೊಳ್ಳಿ ಕಡದದ್ದು. ಬೇಲಿ ಹಂತ್ಯಾಕ ಸೊಳ್ಳಿ ಭಾಳ. ಅಲ್ಲಿ ನಸಗುನ್ನಿ ಬಳ್ಳಿ ಐತಿ ಖರೆ, ಅದರ ಕಾಯಿ ಮುಟ್ಟಿದ್ರ ಮೈಯೆಲ್ಲಾ ತುರಸ್ತೈತಿ ಖರೆ, ಆದ್ರ ಕಂಬಳಿಗೆ ನಾ...

ಆಯಿ, ನನಗ ಯಾಕ ಹಚ್ಚಾಕತ್ತಿ? ಬಟ್ಟಲದಾಗ ಇರೂದೇ ಇಷ್ಟು ಎಣ್ಣಿ. ನಿನಗ ಉಳಿಯಂಗಿಲ್ಲ.

ಬೊಟ್ಟಿನ ಸಂದ್ಯಾಗ ತುರಸ್ತೈತಿ ಅಂತ ನಾ ಹೇಳಿಲ್ಲಲ್ಲ...

ಎಣ್ಣಿ ಸಾಕು ಬೇ. ಬೈ ಬೇಕಾದ್ರ.

ಹಾಡು ಮುಗಿಯೂತನಕಾ ನನ್ನ ಮಾರಿ ನೋಡಿದ್ದು... ಮುಂದಿನ ನುಡಿ ಕೇಳಾಕಲ್ಲ, ಹೌದಿಲ್ಲೋ?

ಕಾಕಾ ಇನ್ನೂ ಗುರುಶಾಂತನ್ನ ಬೈಯಾಕತ್ತಾನ. ಕೈ ಬಿಡು ಆಯಿ. ಅಂಗಳಕ್ಕ ಹೋಗ್ತೀನಿ.