ನಾನೇ ತುಂಬಿಕೊಟ್ಟ ಎರಡು ಬಾಟಲಿ ನೀರು

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷೆ ನೀಲಾಂಬಿಕಾ ಅವರೇ, ವೇದಿಕೆಯ ಮೇಲಿರುವ ಕೃಷಿ ಇಲಾಖೆಯ ಹಿರಿಯರೇ, ಹಾನಗಲ್, ಸವಣೂರು, ಹಿರೇಕೆರೂರು ಕಡೆಯಿಂದ ಬೆಳಿಗ್ಗೆಯೇ ಬಸ್ಸು ಹಿಡಿದು ಬಂದಿರುವ ರೈತ ಬಾಂಧವರೇ, ಹಿರೇಬೆಂಡಿಗೇರಿಯ ಹಿರಿಯರೇ, ತಾಯಂದಿರೇ, ಯಾರಿಗೋಸ್ಕರ ನಾವೆಲ್ಲ ಇಲ್ಲಿ ಸೇರಿದ್ದೇವೆಯೋ ಆ ನಮ್ಮ ಗುಲ್ನಾರ ಮೇಡಂ ಅವರೇ, ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ನನ್ನ ಮುಂಚೆ ಮಾತಾಡಿದವರು ಐದೇ ನಿಮಿಷ ಎಂದು ಶುರು ಮಾಡಿ ಇಪ್ಪತ್ತೈದು ನಿಮಿಷ ತೆಗೆದುಕೊಂಡರು. ನಾನು ಹತ್ತು ಎಂದು ಹೇಳಿದ್ದೇನೆ, ಉಳಿದ ಲೆಕ್ಕ ನೀವೇ ಮಾಡಿಕೊಳ್ಳಿ. ಗೋಧಿ ಹುಗ್ಗಿಯ ವಾಸನೆ ನನಗೂ ಬರುತ್ತಿದೆ.

ಮೇಡಂ ಅವರು ನಮ್ಮ ಭಾಗಕ್ಕೆ ಕೃಷಿ ಅಧಿಕಾರಿಯಾಗಿ ಬಂದು ನಾಲ್ಕು ವರ್ಷ ದಾಟಿತು. ಈಗ ವಿಜಯಪುರದ ಕಡೆಗೆ ವರ್ಗವಾಗಿದೆ. ಈ ನಾಲ್ಕು ವರ್ಷದಲ್ಲಿ ಅವರು ಮಾಡಿದ ಕೆಲಸ ಏನು? ಒಂದೊಂದು ಹೊಲಕ್ಕೂ ಒಂದೊಂದು ಕಾಗದ ಬರೆದರು. ಈ ಹೊಲಕ್ಕೆ ಯಾವ ಗೊಬ್ಬರ, ಎಷ್ಟು, ಯಾವ ತಿಂಗಳು, ಕೆರೆ-ಹಳ್ಳದಿಂದ ಎಷ್ಟು ದೂರ ಬಿಟ್ಟು ಹಾಕಬೇಕು, ಎಲ್ಲ ಆ ಕಾಗದದಲ್ಲಿ ಇರುತ್ತದೆ. ಕೇಳಲಿಕ್ಕೆ ಸಣ್ಣ ಕೆಲಸ. ಆದರೆ ಆ ಕಾಗದವನ್ನು ರೈತನ ಕೈಗೆ ಕೊಟ್ಟು, ಅವನ ಬಾಯಿಂದ ಹೂಂ ಅನ್ನಿಸುವುದು ಸಣ್ಣ ಕೆಲಸವೇ? ನಾನು ಹೇಳುತ್ತೇನೆ, ಕೇಳಿರಿ. ಯಾಕೆಂದರೆ ಅವರನ್ನು ಎಲ್ಲರಿಗಿಂತ ಹೆಚ್ಚು ಕಾಡಿದವನು ನಾನು, ಈ ಉಳವಪ್ಪ.

ನನ್ನದು ಹನ್ನೊಂದು ಎಕರೆ. ಎಲ್ಲ ಗೋವಿನಜೋಳ. ಕೆರೆಯ ಮೇಲ್ಭಾಗಕ್ಕೆ ಇದೆ. ನನ್ನ ಹೊಲದ ಕೆಳಗೆ, ಕೆರೆಯ ಅಂಚಿಗೆ, ನನ್ನ ಅಕ್ಕ ಶಿವಬಸವ್ವನ ಎರಡು ಎಕರೆ. ಅಲ್ಲಿ ಆಕೆಯ ಕೋಳಿ ಶೆಡ್ಡು, ಒಂದೂವರೆ ಸಾವಿರ ಮೊಟ್ಟೆ ಕೋಳಿ. ಅಕ್ಕನನ್ನು ಹಿರೇಕೆರೂರಿಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಳು. ಬಂದು ಕೈ ಕಟ್ಟಿ ಕೂಡಲಿಲ್ಲ, ತರಬೇತಿ ಮುಗಿಸಿ, ಸ್ವಂತ ಹಟದಿಂದ ಶೆಡ್ಡು ಎಬ್ಬಿಸಿದಳು.

ಮೂರು ವರ್ಷದ ಹಿಂದೆ, ಮಳೆಗಾಲ ಶುರುವಾಗಿ ಒಂದು ತಿಂಗಳಿಗೆ, ಊರ ಕೆರೆಯ ನೀರು ಹಸಿರಾಯಿತು. ದಿನಾ ಕಾಣುವ ಪಾಚಿಯಂಥದ್ದಲ್ಲ ಅದು, ಬಣ್ಣ ಕಲಸಿದ ಹಾಗೆ. ಎಂಟು ದಿನಕ್ಕೆ ಮೀನು ಸತ್ತು ತೇಲಿದವು. ದನಗಳು ಮೂಸಿ ನೋಡಿ ತಿರುಗಿ ಬಂದವು. ಶಾಲೆಯ ಹತ್ತಿರದ ಬೋರಿನ ನೀರನ್ನು ಮಕ್ಕಳಿಗೆ ಕುಡಿಸಬೇಡಿರಿ ಎಂದು ಆರೋಗ್ಯ ಇಲಾಖೆಯವರು ನಲ್ಲಿಗೆ ಕೆಂಪು ಬಣ್ಣ ಬಳಿದರು. ಊರೆಲ್ಲ ಒಂದೇ ಮಾತು: ಕೋಳಿ ಗೊಬ್ಬರ. ಆ ಮಾತನ್ನು ಮೊದಲು ಆಡಿದವನು ಯಾರು? ನಾನು. ಗ್ರಾಮಸಭೆಯಲ್ಲಿ ಎದ್ದು ನಿಂತು, ಈಗ ನಿಂತ ಹಾಗೆಯೇ ಎದೆ ಸೆಟೆಸಿ, ಹೇಳಿದೆ. ಅಷ್ಟಕ್ಕೇ ಬಿಡಲಿಲ್ಲ. ಪರಿಸರದ ನಿಯಮದ ಪ್ರಕಾರ ಈ ಶೆಡ್ಡು ಮುಚ್ಚಿಸಬೇಕೆಂದು ಜಿಲ್ಲೆಗೆ ಅರ್ಜಿ ಬರೆದೆ. ಅರ್ಜಿಯ ಕೆಳಗೆ ಮೊದಲ ಸಹಿ ನನ್ನದು. ಅಕ್ಕನಿಗೆ ನೋಟೀಸು ಬಂತು. ಒಂದು ತಿಂಗಳೊಳಗೆ ವಿಚಾರಣೆಗೆ ಬಂದು ಉತ್ತರ ಕೊಡಬೇಕು, ಇಲ್ಲವಾದರೆ ಶೆಡ್ಡು ಬಂದ್.

ಪರಿಶೀಲನೆಗೆ ಮೇಡಂ ಬಂದರು. ಆವತ್ತು ನಾನು ಹೊಲದಲ್ಲಿ ಯೂರಿಯಾ ಎರಚುತ್ತಿದ್ದೆ. ಎಕರೆಗೆ ಐದು ಚೀಲದ ಲೆಕ್ಕ. ಮೋಡ ಕಟ್ಟಿತ್ತು, ಮಳೆ ಬಂದರೆ ಕರಗಿ ಇಳಿಯುತ್ತದೆ ಎಂದು ಅವಸರ ಮಾಡುತ್ತಿದ್ದೆ. ಸ್ಕೂಟಿಯನ್ನು ಒಡ್ಡಿನ ಮೇಲೆ ನಿಲ್ಲಿಸಿ ಅವರು ನನ್ನ ಚೀಲಗಳನ್ನು ಎಣಿಸಿದರು. ಆಮೇಲೆ ಕೇಳಿದರು:

"ಕಾಕಾ, ನೀವು ಬೆಳಿಗೆ ಗೊಬ್ಬರ ಹಾಕಾಕತ್ತೀರೋ, ಕೆರಿಗೆ ಹಾಕಾಕತ್ತೀರೋ?"

ನಾನು ನಕ್ಕುಬಿಟ್ಟೆ. "ಮೇಡಂ, ಇದು ಸರ್ಕಾರಿ ಗೊಬ್ಬರ, ಸಕ್ಕರಿ ಇದ್ದಂಗ ಸ್ವಚ್ಛ ಇರ್ತೈತಿ. ಹೊಲಸು ಇರೂದು ಆ ಶೆಡ್ಡಿನ್ಯಾಗ. ಅಲ್ಲಿ ನೀರು ತಗೊಂಡು ಹೋಗಿ ಪರೀಕ್ಷಾ ಮಾಡಸ್ರಿ."

"ಮಾಡಸ್ತೇನಿ. ನಿಮ್ಮ ಹೊಲದ ಕಾಲುವಿ ನೀರೂ ಒಂದು ಬಾಟ್ಲಿ ಕೊಡ್ರಿ. ಎರಡೂ ಜೋಡೀಲೆ ಹೋಗಲಿ."

ಸಭಿಕರೇ, ಆ ಎರಡೂ ಬಾಟಲಿಯನ್ನು ತುಂಬಿದವನು ನಾನೇ. ಅಷ್ಟು ಧೈರ್ಯ ನನಗೆ. ಒಂದಕ್ಕೆ ಅಕ್ಕನ ಶೆಡ್ಡಿನಿಂದ ಕೆರೆಗೆ ಹೋಗುವ ನೀರು, ಇನ್ನೊಂದಕ್ಕೆ ನನ್ನ ಹೊಲದಿಂದ ಹೋಗುವ ನೀರು. ಚೀಟಿ ಅಂಟಿಸಿ, ನನ್ನ ಕೈಯಿಂದಲೇ ಹೆಸರು ಬರೆದೆ. ಬೇರೆ ಯಾರೂ ಮುಟ್ಟಬಾರದು, ನಾಳೆ ಅಕ್ಕ ತಕರಾರು ತೆಗೆಯಬಾರದು ಎಂದು ಬಿಗಿಯಾಗಿ ಮುಚ್ಚಳ ಹಾಕಿಕೊಟ್ಟೆ.

ಹತ್ತು ದಿನಕ್ಕೆ ವರದಿ ಬಂತು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಎನ್ನುವುದು ನಲವತ್ತೈದರ ಗೆರೆ ದಾಟಬಾರದಂತೆ. ಅಕ್ಕನ ನೀರು ಐವತ್ತೆರಡು. ಗೆರೆ ದಾಟಿತ್ತು, ಸುಳ್ಳಲ್ಲ. ಆಕೆಯ ತಿಪ್ಪೆಗೆ ಮೇಲೆ ಹೊದಿಕೆ ಇರಲಿಲ್ಲ, ಮಳೆಗೆ ತೊಳೆದು ಹೋಗುತ್ತಿತ್ತು. ನನ್ನ ನೀರು ಎಷ್ಟು ಎಂದು ಹೇಳಲೇ? ನೂರಾ ಮೂವತ್ತೊಂದು.

ನಾನು ಏನಂದೆ? ಮನುಷ್ಯ ಎನ್ನಿಸಿಕೊಂಡವನು ಏನನ್ನಬೇಕೋ ಅದನ್ನು ಅನ್ನಲಿಲ್ಲ. "ಬಾಟ್ಲಿ ಅದಲಾಬದಲಿ ಆಗ್ಯಾವ" ಅಂದೆ.

ಮೇಡಂ ಬ್ಯಾಗಿನಿಂದ ಎರಡೂ ಚೀಟಿ ತೆಗೆದು ನನ್ನ ಮುಂದೆ ಇಟ್ಟರು. "ಅಕ್ಷರ ಯಾರವು, ಕಾಕಾ?"

ಅಕ್ಷರ ನನ್ನವೇ. ಸುಮ್ಮನಾಗಬಹುದಿತ್ತು. ಆಗಲಿಲ್ಲ. ಆಮೇಲೆ ಒಂದು ಮಾತು ಅಂದೆ. ಅದನ್ನು ಈ ಮೈಕಿನ ಮುಂದೆ ಹೇಳಬೇಡಿರಿ ಎಂದು ಮೇಡಂ ಈಗ ತಲೆ ಅಲ್ಲಾಡಿಸುತ್ತಿದ್ದಾರೆ. ಹೇಳದೆ ಹೋದರೆ ನನಗೆ ಈ ಹುಗ್ಗಿ ಗಂಟಲಲ್ಲಿ ಇಳಿಯುವುದಿಲ್ಲ. "ನೀವು ಸವಣೂರಿನವರು. ಕೋಳಿ ವ್ಯಾಪಾರ ಮಾಡೂ ಮಂದಿ ಎಲ್ಲಾ ನಿಮ್ಮವರ. ಅದಕ್ಕ ಶೆಡ್ಡಿನ ಕಡೆ ಮಾತಾಡತೀರಿ" ಅಂದೆ. ಹಾಗೆ ಅಂದೆ ಸ್ವಾಮಿ. ಇಷ್ಟು ವರ್ಷ ಸವಣೂರಿನ ಸಂತೆಯಲ್ಲಿ ಆ ಮಂದಿಯ ಜೊತೆಗೇ ಕುಳಿತು ಚಹಾ ಕುಡಿದವನು ಹಾಗೆ ಅಂದೆ.

ಅವರ ಮುಖ ಸ್ವಲ್ಪ ಕೆಂಪಾಯಿತು. ದನಿ ಮಾತ್ರ ಏರಲಿಲ್ಲ.

"ಕಾಕಾ, ನಾನು ಲಗ್ನ ಆಗಿ ಸವಣೂರಿಗೆ ಬಂದಾಕಿ. ನನ್ನ ತವರು ಹಾನಗಲ್ ಹತ್ರ. ನಮ್ಮ ಅಬ್ಬಾ ಭತ್ತ ಬೆಳಿತಾರ. ನಾನು ಈ ನೌಕ್ರಿಗೆ ಬಂದ ವರ್ಷ ಮೊದಲು ಪರೀಕ್ಷಾ ಮಾಡಸಿದ್ದು ಅವರ ಗದ್ದಿ ನೀರು. ಅದು ನಿಮ್ಮದಕ್ಕಿಂತ ಹೆಚ್ಚಿತ್ತು. ಅಬ್ಬಾ ನನ್ನ ಕೂಡ ಎರಡು ತಿಂಗಳು ಮಾತಾಡಲಿಲ್ಲ. ನೀವೂ ಬ್ಯಾಡಂದ್ರ ಬಿಡ್ರಿ. ಆದ್ರ ನೀರಿಗೆ ಯಾರ ಮಂದಿ ಅಂತ ಗೊತ್ತಿರಂಗಿಲ್ಲ."

ಅಷ್ಟು ಹೇಳಿ ಸ್ಕೂಟಿ ಹತ್ತಿ ಹೋದರು. ಇನ್ನು ಈಕೆ ನನ್ನ ಹೊಲಕ್ಕೆ ಕಾಲಿಡುವುದಿಲ್ಲ ಎಂದುಕೊಂಡೆ. ನಾನಾಗಿದ್ದರೆ ಇಡುತ್ತಿರಲಿಲ್ಲ. ಅವರು ನಾಲ್ಕನೆಯ ದಿನ ಬಂದರು. ಕೈಯಲ್ಲಿ ಒಂದು ಕಾಗದ.

ವಿಷಯ ಇಷ್ಟು. ಶೆಡ್ಡು ಉಳಿಯಬೇಕಾದರೆ, ಅದರ ಗೊಬ್ಬರ ಎಲ್ಲಿಗೆ ಹೋಗುತ್ತದೆ ಎಂದು ಅಕ್ಕ ವಿಚಾರಣೆಯಲ್ಲಿ ತೋರಿಸಬೇಕು. ಅಷ್ಟೂ ಗೊಬ್ಬರ ಆಕೆಯ ಎರಡು ಎಕರೆಗೆ ಸುರಿದರೆ ಮತ್ತೆ ಕೆರೆಗೇ ಇಳಿಯುತ್ತದೆ. ಹತ್ತಿರದಲ್ಲಿ ಬೇರೆ ಹೊಲ ಬೇಕು, ಆ ಹೊಲದವನು ಒಪ್ಪಿ ಸಹಿ ಮಾಡಬೇಕು. ಗಾಡಿ ಹೋಗುವ ದಾರಿ ಇರುವ ಹೊಲ ಒಂದೇ. ನನ್ನದು. ನನಗೂ ಲಾಭ ಇತ್ತು. ಕೊಳೆತು ಹಣ್ಣಾದ ಕೋಳಿ ಗೊಬ್ಬರ ಬಿದ್ದರೆ ಐದು ಚೀಲ ಯೂರಿಯಾದ ಜಾಗದಲ್ಲಿ ಎರಡು ಸಾಕು ಎಂದು ಮೇಡಂ ಬರೆದುಕೊಂಡು ಬಂದಿದ್ದರು.

"ಅಕಿ ಬಂದು ಕೇಳಲಿ" ಅಂದೆ.

"ಅವ್ವಾರು ಕೇಳಂಗಿಲ್ಲ, ನೀವು ಕೊಡಂಗಿಲ್ಲ. ನಡುವ ನಾನು ಈ ಕಾಗದ ಹಿಡಕೊಂಡು ಎಷ್ಟು ದಿನ ತಿರುಗಲಿ ಕಾಕಾ? ವಿಚಾರಣಿ ಸೋಮವಾರ ಐತಿ." ಕಾಗದವನ್ನು ನನ್ನ ಅಂಗಿಯ ಕಿಸೆಯಲ್ಲಿ ತಾವೇ ತುರುಕಿ ಹೋದರು.

ಎರಡು ದಿನ ಕಿಸೆಯಲ್ಲೇ ಇತ್ತು. ಶನಿವಾರ ಮಧ್ಯಾಹ್ನ ಅಕ್ಕನ ಶೆಡ್ಡಿಗೆ ಹೋದೆ. ನಾಲ್ಕು ವರ್ಷದಲ್ಲಿ ಮೊದಲನೆಯ ಸಲ. ಅಕ್ಕ ಮೊಟ್ಟೆ ಆರಿಸಿ ಟ್ರೇಗೆ ತುಂಬುತ್ತಿದ್ದಳು. ನನ್ನನ್ನು ನೋಡಿದಳು.

"ಚಪ್ಪಲಿ ಹೊರಗ ಬಿಡು. ಬಾಗಲದಾಗ ಸುಣ್ಣದ ನೀರೈತಿ, ಕಾಲು ಅದ್ದಿ ಒಳಗ ಬಾ. ನನ್ನ ಕೋಳಿಗೆ ಏನರ ರೋಗ ತಂದು ಹಚ್ಚೀದಿ."

ಅದ್ದಿದೆ. ಅರವತ್ತರ ಹತ್ತಿರದ ಗಂಡಸು, ಸೊಸೈಟಿಯ ಮಾಜಿ ಡೈರೆಕ್ಟರು, ಧೋತರ ಎತ್ತಿ ಹಿಡಿದು ಸುಣ್ಣದ ನೀರಿನಲ್ಲಿ ನಿಂತೆ. ಆಗ ಕೇಳಿದಳು:

"ಅರ್ಜಿ ಯಾಕ ಕೊಟ್ಟೆಪಾ ಉಳವ್ಯಾ?"

"ನೀರು ಕೆಟ್ಟಿತ್ತು."

"ನೀರು ಕೆಟ್ಟಿದ್ದು ಈ ವರ್ಷ. ನೀ ಮಾತು ಬಿಟ್ಟು ನಾಕು ವರ್ಷ ಆತು."

ಆಕೆ ಹೇಳಿದ್ದು ನಿಜ. ಕೆರೆ ಕೆಡುವುದಕ್ಕೂ ನಾಲ್ಕು ವರ್ಷದ ಹಿಂದೆ ಅಕ್ಕ ಅಪ್ಪನ ಆಸ್ತಿಯಲ್ಲಿ ಪಾಲು ಕೇಳಿದ್ದಳು. ಕೊಟ್ಟೆ. ಕಾನೂನು ಇತ್ತು, ಕೊಟ್ಟೆ. ಆದರೆ ಕೊಟ್ಟ ದಿನದಿಂದ ಆಕೆಯ ಮನೆಯ ಮುಂದೆ ಹಾಯುವುದನ್ನೂ ಬಿಟ್ಟೆ. ಇದನ್ನು ಹೇಳಬೇಕೆಂದು ನಾನು ಇಲ್ಲಿ ನಿಂತಿರಲಿಲ್ಲ. ಹೊರಗೆ ಬಂದಿತು, ಬಂದಿತು.

ಅಕ್ಕ ಇನ್ನೊಂದು ಟ್ರೇ ತುಂಬಿದಳು. "ಶೆಡ್ಡು ಕೆರಿ ಅಂಚಿಗೆ ಕಟ್ಯಾಳ, ನಿಯಮಕ್ಕ ವಿರುದ್ಧ ಐತಿ ಅಂತ ಬರದಿ. ಮ್ಯಾಲಿನ ಹೊಲ ಕೊಡು ಅಂದಾಗ, ಕೆರಿ ಅಂಚಿನ ಜವಳು ಎರಡು ಎಕರೆ ಆರಿಸಿ ಕೊಟ್ಟಾಂವ ಯಾರು? ಅದನ್ನೂ ಅರ್ಜಿಯಾಗ ಬರೀಬೇಕಿತ್ತು."

ಆಕೆ ಅಳಲಿಲ್ಲ. ಬೈಯಲಿಲ್ಲ. ಬೈದಿದ್ದರೆ ನಾನು ಎದ್ದು ಬರುತ್ತಿದ್ದೆ. ಕಾಗದ ತೆಗೆದೆ, ಮೊಟ್ಟೆ ಟ್ರೇಯ ಮೇಲೆ ಇಟ್ಟು ಸಹಿ ಮಾಡಲು ಹೋದೆ. "ಒಡದಾವು, ಗ್ವಾಡಿಗೆ ಹಿಡದು ಮಾಡು" ಅಂದಳು. ಗೋಡೆಗೆ ಹಿಡಿದು ಮಾಡಿದೆ. "ತಪ್ಪಾತು ಅಕ್ಕ" ಅಂದೆ. ಕೋಳಿಗಳ ಗದ್ದಲದಲ್ಲಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಅಂದೆ.

"ಕೇಳಿಸೇತಿ" ಅಂದಳು. "ಸೋಮವಾರ ಎಲ್ಲಾರ ಮುಂದ ಅನ್ನು."

ಸೋಮವಾರ ಅಂದೆ. ವಿಚಾರಣೆಯಲ್ಲಿ ಅಧಿಕಾರಿಗಳ ಮುಂದೆ ನನ್ನ ಹೊಲದ ನೀರಿನ ಲೆಕ್ಕವನ್ನು ನಾನೇ ಓದಿದೆ. ಅರ್ಜಿ ಹಿಂದಕ್ಕೆ ತೆಗೆದುಕೊಂಡೆ. ಶೆಡ್ಡು ಉಳಿಯಿತು, ಆದರೆ ಪುಕ್ಕಟೆ ಉಳಿಯಲಿಲ್ಲ. ತಿಪ್ಪೆಗೆ ಕೆಳಗೆ ಕಾಂಕ್ರೀಟು, ಮೇಲೆ ತಗಡು, ಸುತ್ತ ಒಡ್ಡು. ಕೆರೆಯ ಅಂಚಿಗೆ ಹುಲ್ಲಿನ ಪಟ್ಟಿ. ನನಗೂ ಅದೇ ಪಟ್ಟಿ. ಯೂರಿಯಾ ಒಂದೇ ಸಲ ಎರಚುವ ಹಾಗಿಲ್ಲ, ಮೂರು ಸಲ, ಬೆಳೆಯ ಬುಡಕ್ಕೆ. ದೊಡ್ಡ ಮಳೆಯ ಸೂಚನೆ ಇದ್ದ ದಿನ ಚೀಲ ಬಿಚ್ಚುವ ಹಾಗೇ ಇಲ್ಲ.

ಎಲ್ಲ ತಕ್ಷಣ ಬಂಗಾರವಾಯಿತೇ? ಇಲ್ಲ. ಮೊದಲನೆಯ ವರ್ಷ ಎಕರೆಗೆ ಎರಡು ಕ್ವಿಂಟಾಲ್ ಇಳುವರಿ ಕಡಿಮೆ ಬಂತು. ಮೇಡಂಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಮಾತಾಡಿದೆ. ಅವರು ಎಲ್ಲ ಕೇಳಿ, "ನಾಳೆ ಬರ್ತೇನಿ" ಎಂದರು. ಬಂದರು. ಮಣ್ಣು ತೆಗೆದರು, ಸತುವಿನ ಕೊರತೆ ಇದೆ ಎಂದು ಕಂಡುಹಿಡಿದರು, ಕಾಗದ ತಿದ್ದಿದರು. ಎರಡನೆಯ ವರ್ಷ ಮೊದಲಿನಷ್ಟೇ ಬಂತು. ಈ ವರ್ಷ ಒಂದು ಮುಷ್ಟಿ ಹೆಚ್ಚು. ಕೆರೆ ಇನ್ನೂ ಪೂರ್ತಿ ತಿಳಿಯಾಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ದನ ಇಳಿದು ನೀರು ಕುಡಿಯುತ್ತಿವೆ. ಶಾಲೆಯ ಬೋರಿನ ನೀರು ಕಳೆದ ತಿಂಗಳು ಮೂವತ್ತೆಂಟಕ್ಕೆ ಬಂದಿದೆ. ಕೆಂಪು ಬಣ್ಣ ಕೆರೆದು ತೆಗೆದವರು ನಮ್ಮ ಅಧ್ಯಕ್ಷರೇ.

ಇದನ್ನೆಲ್ಲ ನಿಯಮ ಮಾಡಿಸಿತೇ? ನಿಯಮ ಮೊದಲೂ ಇತ್ತು. ಅದನ್ನೇ ಹಿಡಿದು ನಾನು ಅಕ್ಕನನ್ನು ಹೊಡೆಯಲು ಹೋದೆ. ಅದೇ ನಿಯಮ ಹಿಡಿದು ಮೇಡಂ ನಮ್ಮಿಬ್ಬರನ್ನೂ ಉಳಿಸಿದರು. ನಾನು ಆಡಬಾರದ್ದು ಆಡಿದ ಮೇಲೂ ನಾಲ್ಕನೆಯ ದಿನ ಸ್ಕೂಟಿ ತಿರುಗಿ ಬಂತಲ್ಲ, ಆ ಉಪಕಾರ ನಾನು ಹೇಗೆ ತೀರಿಸಲಿ? ಮೇಡಂ, ಆವತ್ತಿನ ಮಾತಿಗೆ ನಿಮ್ಮ ಮುಂದೆ, ಈ ಊರಿನ ಮುಂದೆ ಕೈ ಮುಗಿದು ಕ್ಷಮೆ ಕೇಳುತ್ತೇನೆ. ನಿಮ್ಮ ಅಬ್ಬಾ ಅವರಿಗೆ ನನ್ನ ಸಲಾಮು ತಿಳಿಸಿರಿ. ಮಗಳ ಮಾತು ಕೇಳಿದ ಇನ್ನೊಬ್ಬ ಮುದುಕ ಹಿರೇಬೆಂಡಿಗೇರಿಯಲ್ಲಿ ಇದ್ದಾನೆ ಎಂದು ಹೇಳಿರಿ.

ಕೊನೆಯದಾಗಿ ಒಂದು ತಿದ್ದುಪಡಿ. ಈ ಸಮಾರಂಭದ ಆಮಂತ್ರಣ ಪತ್ರಿಕೆಯಲ್ಲಿ ಅಕ್ಕನ ಹೆಸರಿನ ಜಾಗದಲ್ಲಿ "ಉಳವಪ್ಪನವರ ಸಹೋದರಿ" ಎಂದು ಅಚ್ಚು ಹಾಕಿಸಿದ್ದಾರೆ. ಅದು ತಪ್ಪಲ್ಲ, ಆದರೆ ಸಾಲದು. ಆಕೆ ಈ ಊರಿನ ರೈತ ಮಹಿಳೆ ಶಿವಬಸವ್ವ, ಸ್ವಂತ ಎರಡು ಎಕರೆಯ ಮಾಲಕಿ. ಮೇಡಂ ಅವರಿಗೆ ಶಾಲು ಹೊದಿಸುವ ಕೆಲಸ ನನಗೆ ವಹಿಸಿದ್ದೀರಿ. ಈ ಸಭೆ ಏರ್ಪಡಿಸಿದ ಸಂಘದವರು ಸಿಟ್ಟಾಗಬಾರದು, ಅದು ಆಕೆಯ ಕೈಯಿಂದಲೇ ಆಗಲಿ. ಅಕ್ಕ, ಅಲ್ಲೇ ಯಾಕ ಕುಂತಿ? ಮ್ಯಾಲ ಬಾ. ಇಲ್ಲಿ ಸುಣ್ಣದ ನೀರೇನೂ ಇಟ್ಟಿಲ್ಲ.

ಅಕ್ಕ ಎದ್ದಳು. ದಾರಿ ಬಿಡಿರಿ, ದಯವಿಟ್ಟು ದಾರಿ ಬಿಡಿರಿ.

ನನ್ನ ಇಷ್ಟುದ್ದದ ಮಾತನ್ನು ತಾಳಿಕೊಂಡ ನಿಮಗೆಲ್ಲರಿಗೂ, ಊರಿಗೆ ನೀರು ಉಳಿಸಿಕೊಟ್ಟ ಮೇಡಂಗೆ, ನನ್ನ ಗೊಬ್ಬರಕ್ಕೂ ಮಾತಿಗೂ ಅಳತೆ ಕಲಿಸಿದ ಇಬ್ಬರು ಹೆಣ್ಣುಮಕ್ಕಳಿಗೆ, ಶರಣು, ನಮಸ್ಕಾರ.