ಬಲಭುಜದ ಮೇಲಿನ ಕೈ

"ನಿಮ್ಮಪ್ಪ ಹುಯ್ಯಿಸಿದ ನೀರಾ? ಅದನ್ನ ಚರ್ಚಿನ ಬಾಗಿಲು ದಾಟೋಕೆ ಮುಂಚೇನೇ ಅಂಗಿ ತೋಳಲ್ಲಿ ಒರೆಸಿ ಬಿಸಾಕಿದೆ ಕಣೋ. ನಾನು ಅವನ ಮಗನೂ ಅಲ್ಲ, ನಿನ್ನಂಥ ದನ ಕಾಯೋನ ತಮ್ಮನೂ ಅಲ್ಲ."

"ಅಂಗಡಿ ತುಂಬ ಜನ. ಅಷ್ಟೂ ಜನ ನಗೋ ಹಾಗೆ ಹಾರ್ಲನ್ ಮೇಬ್ರಿ ನಮ್ಮಪ್ಪ ನಸಾರಿಯೊ ಮುಖಕ್ಕೆ ಹಿಂಗಂದ..." ಎಂದು ಶುರು ಮಾಡಿದಳು ಪೊಲೊನಿಯಾ ಅಜ್ಜಿ.

ಹೊರಗೆ ಮಳೆ ಹೊಡೆಯುತ್ತಿತ್ತು. ಗ್ವಾದಲೂಪೆ ಹೊಳೆ ದಡ ಮೀರಿ, ಕಡಲ ಕಡೆಯಿಂದ ಉಪ್ಪು ಹೇರಿಕೊಂಡು ಬಂದ ಎತ್ತಿನಗಾಡಿಗಳು ಅಜ್ಜಿಯ ಅಂಗಳದಲ್ಲೇ ನೊಗ ಇಳಿಸಿದ್ದವು. ಸಂಜೆಯಾಗುವ ಮೊದಲೇ ಕತ್ತಲು. ಗಾಡಿಯವರು ಒದ್ದೆ ಕಂಬಳಿ ಹೊದ್ದು ಒಲೆಯ ಸುತ್ತ ಕೂತಿದ್ದರು. ಅವರಲ್ಲಿ ಎವಾರಿಸ್ತೊ ಎಂಬವನು, ಮೇಬ್ರಿಯವರ ನೆಲದಲ್ಲಿರುವ ಒರತೆಯಲ್ಲಿ ಎತ್ತುಗಳಿಗೆ ನೀರು ಕುಡಿಸಿದರೂ ಯಾರೂ ಬೈಯಲಿಲ್ಲವಲ್ಲ, ಬಿಳಿಯರ ನೆಲದಲ್ಲಿ ಇದೆಂಥ ಸೋಜಿಗ ಎಂದಿದ್ದ. ಅಷ್ಟಕ್ಕೇ ಅಜ್ಜಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಕೈಯ ಹಿಟ್ಟನ್ನು ಲಂಗಕ್ಕೆ ಒರೆಸಿಕೊಂಡಿದ್ದಳು.

"ಬೈಯೋಕೆ ಅವರಿಗೆ ಧೈರ್ಯ ಬರಬೇಕಲ್ಲ, ಮಕ್ಕಳಾ. ಕೇಳಿ... ಆಗಿನ್ನೂ ಟೆಕ್ಸಾಸ್ ಮೆಕ್ಸಿಕೊದ್ದು. ಅಮೆರಿಕದಿಂದ ಈ ಉತ್ತರದವರು ಗಾಡಿ ಮೇಲೆ ಗಾಡಿ ಕಟ್ಕೊಂಡು, ನೆಲ ಕೊಡಿ ನೆಲ ಕೊಡಿ ಅಂತ ಬರ್ತಾನೇ ಇದ್ರು. ಸರ್ಕಾರ ಕೊಡ್ತೀನಿ ಅಂತು, ಆದ್ರೆ ನಮ್ಮ ಚರ್ಚಿಗೆ ಸೇರಿದವರಿಗೆ ಮಾತ್ರ. ಸೇರದೇ ಇರ್ತಾರಾ? ಪಾದ್ರಿ ಬಂದ ದಿನ ಕುರಿಮಂದೆ ಹಾಗೆ ಸಾಲು ನಿಂತು ತಲೆ ಮೇಲೆ ನೀರು ಹುಯ್ಯಿಸ್ಕೊಂಡು ದೀಕ್ಷೆ ತಗೊಂಡ್ರು. ಅವರಿಗೆ ಅದು ನೆಲಕ್ಕೆ ದಾರಿ. ನಮಗೆ? ನಮಗೆ ಅದು ಹುಟ್ಟು. ಆ ಹೊತ್ತಲ್ಲಿ ಹಿಂದೆ ನಿಂತು ಬಲಭುಜದ ಮೇಲೆ ಕೈ ಇಡ್ತಾನಲ್ಲ, ಪದ್ರಿನೊ, ಅವನು ಆವತ್ತಿಂದ ಅಪ್ಪ. ಬಾಯಿಮಾತಿಗಲ್ಲ... ಅಪ್ಪನೇ. ಸಾವು ಬಂದ್ರೂ ಹರಿಯೋ ನಂಟಲ್ಲ ಅದು.

"ಮೇಬ್ರಿ ಭುಜದ ಮೇಲೆ ಕೈ ಇಟ್ಟಿದ್ದು ನಮ್ಮ ತಾತ ತಿಬೂರ್ಸಿಯೊ. ಆ ಕೈಗೆ ಹೆಬ್ಬೆರಳು ಇರಲಿಲ್ಲ. ಕುದುರೆ ಮೇಲಿಂದ ಹೋರಿಗೆ ಕುಣಿಕೆ ಎಸೆದು, ಹಗ್ಗಾನ ಜೀನಿನ ಮುಂದಿನ ಗೂಟಕ್ಕೆ ಸುತ್ತೋವಾಗ ಬೆರಳು ಸಿಕ್ಕಿ ಹಾರಿಹೋಗಿತ್ತು. ನಮ್ಮ ಸವಾರರಲ್ಲಿ ಅದು ಕುಂದಲ್ಲ ತಿಳ್ಕೊಳಿ, ಪದಕ. ಆ ಕೈಯಿಂದಲೇ ತಾತ ಅವನಿಗೆ ಬಿತ್ತನೆ ಜೋಳ ಕೊಟ್ಟ, ಕರೆಯೋ ಹಸು ಕೊಟ್ಟ. ಸಂಜೆ ಚರ್ಚಿನ ಗಂಟೆ ಹೊಡೆಯೋ ಹೊತ್ತಿಗೆ ಪಕ್ಕದಲ್ಲಿ ಕೂರಿಸ್ಕೊಂಡು ಪ್ರಾರ್ಥನೆ ಕಲಿಸೋಕೆ ಹೊರಟ. ಅವನಿಗೆ ಮೊದಲ ಸಾಲು ಬಂತು. ನೆಲದ ಹಕ್ಕುಪತ್ರ ಕೈಗೆ ಸಿಕ್ತು ನೋಡಿ... ಎರಡನೇ ಸಾಲಿಗೆ ಅವನು ಬರಲೇ ಇಲ್ಲ.

"ವಾಂತಿಭೇದಿ ವರ್ಷ ತಾತ ಮಲಗಿದ. ಕೊನೇ ಗಳಿಗೇಲೂ ಬಾಗಿಲ ಕಡೆ ನೋಡ್ತಾ, 'ಮೇಬ್ರಿ ಬಂದ್ನಾ? ಅವನಿಗೆ ಇನ್ನೂ ಪೂರ್ತಿ ಕಲಿಸಿಲ್ಲ ಕಣೋ ನಸಾರಿಯೊ' ಅಂದ. ನಮ್ಮನ್ನ ಯಾರನ್ನೂ ಕೇಳ್ಲಿಲ್ಲ. ಅವನನ್ನ ಕೇಳಿದ...

"ಆಮೇಲೆ ಕಾಲ ಕೆಡ್ತು. ಉತ್ತರದಿಂದ ಇನ್ನು ಯಾರೂ ಬರಬಾರದು ಅಂತ ಸರ್ಕಾರ ಗಡಿ ಮುಚ್ಚಿತು, ಸುಂಕ ಹೇರಿತು, ಸಿಪಾಯಿಗಳನ್ನ ಕಳಿಸ್ತು. ಇವರು ಹಟ್ಟಿ ಹಟ್ಟಿಯಲ್ಲಿ ಸಭೆ ಸೇರಿ ಕೋವಿಗೆ ಎಣ್ಣೆ ಹಚ್ಚೋಕೆ ಶುರು ಮಾಡಿದ್ರು. ಅನ್ನ ಹಾಕಿದ ಮನೆಗಳೇ ಅವರ ಕಣ್ಣಿಗೆ ಶತ್ರು ಮನೆಗಳಾದವು. ಮೇಬ್ರಿ ಅವರ ದಳಕ್ಕೆ ಮುಂದಾಳು, ಗುರಿ ಹೊಡೆಯೋದ್ರಲ್ಲಿ ಅವನನ್ನ ಬಿಟ್ರೆ ಇನ್ನೊಬ್ಬನಿಲ್ಲ. ಅವನ ಮೊದಲ ಕೆಲಸ ಏನು ಗೊತ್ತಾ? ಎರಡೂ ಮನೆ ದನ ಕುಡಿಯೋ ಒರತೆ ಸುತ್ತ ಬೇಲಿ ಹಾಕಿದ್ದು. ಬೇಸಿಗೆ ನೆತ್ತಿ ಮೇಲಿತ್ತು. ನಮ್ಮ ಹಸುಗಳು ಬೇಲಿಗೆ ಮೂತಿ ಒತ್ತಿ ನಿಂತು ಕೂಗೋವು. ಆ ನೀರಿಲ್ಲ ಅಂದ್ರೆ ನಮಗೆ ಊರು ಬಿಡೋದೊಂದೇ ದಾರಿ. ಅದಕ್ಕೇ ಅಪ್ಪ ಅಂಗಡಿಗೆ ಹೋಗಿ, ನಮ್ಮಪ್ಪ ನಿನಗೆ ಪದ್ರಿನೊ, ನೀನು ನನಗೆ ತಮ್ಮ, ಬೇಲಿ ತೆಗಿ ಅಂತ ಕೇಳಿದ್ದು. ಅದಕ್ಕೇ ಮೇಬ್ರಿ ಹಾಗೆ ಅಂದಿದ್ದು.

"ಅಪ್ಪ ತಲೆ ತಗ್ಗಿಸ್ಲಿಲ್ಲ. 'ನೀರು ಒರೆಸ್ಕೊಂಡೆ, ಸರಿ. ಭುಜದ ಮೇಲೆ ಅಪ್ಪನ ಕೈ ಇತ್ತಲ್ಲ... ಅದನ್ನ ಯಾವುದರಲ್ಲಿ ಒರೆಸ್ಕೊಂಡೆ?' ಅಂದ. ನಗು ಅಲ್ಲಿಗೇ ನಿಂತಿತಂತೆ."

ಗಾಡಿಯವರಲ್ಲಿ ಒಬ್ಬ ಹೊರಳಿ ತನ್ನ ಬೆನ್ನ ಹಿಂದೆ ನೋಡಿಕೊಂಡ. ಅಜ್ಜಿ ಅದನ್ನು ಕಂಡೂ ಕಾಣದವಳಂತೆ ಒಲೆಗೆ ಕಟ್ಟಿಗೆ ದೂಡಿದಳು.

"ಅದೇ ವಾರ ಸರ್ಕಾರದ ಕ್ಯಾಪ್ಟನ್ ನಮ್ಮ ಹಟ್ಟಿಗೆ ಬಂದ. ಸುಳ್ಳು ದೀಕ್ಷೆ ತಗೊಂಡವರು ಯಾರ್ಯಾರು ಹೇಳು, ನೆಲ ಕಿತ್ಕೊಂಡು ಓಡಿಸ್ತೀನಿ, ಆ ಒರತೇನೂ ನಿನಗೇ ಬರೆದುಕೊಡ್ತೀನಿ ಅಂದ. ಒಂದು ಹೆಸರು ಹೇಳಿದ್ರೆ ಮುಗೀತಿತ್ತು. ನೀವಾಗಿದ್ರೆ ಏನ್ಮಾಡ್ತಿದ್ರಿ? ಅಪ್ಪ, 'ನಮ್ಮಪ್ಪನ ಮಗನ ವಿಚಾರ ನಿಮ್ಮ ಹತ್ರ ಆಡಲ್ಲ ಸ್ವಾಮಿ. ನಮ್ಮನೇ ಜಗಳ ನಮಗೆ ಬಿಡಿ' ಅಂದ. ಕ್ಯಾಪ್ಟನ್ ಉಗಿದು ಹೋದ. ಅತ್ತ ಅವರಿಗೂ ಬೇಡ, ಇತ್ತ ಇವರಿಗೂ ಬೇಡ... ನಾವು ನಮಗೆ ಬೇಕಾದವರು, ಅಷ್ಟೇ.

"ಮಾರನೇ ದಿನ ಹಾಡಹಗಲಲ್ಲೇ ಅಪ್ಪ ದನ ಹೊಡ್ಕೊಂಡು ಹೋದ. ಬರಿಗೈಲಿ ಬೇಲಿ ಕಂಬಗಳನ್ನ ಕೀಳೋಕೆ ನಿಂತ. ಮೇಬ್ರಿ ತನ್ನ ದಳ ಕಟ್ಕೊಂಡು ಬಂದ. ನಿಲ್ಲು ಅಂದ. ಅಪ್ಪ ನಿಲ್ಲಲಿಲ್ಲ. ಮೇಬ್ರಿ ಕೋವಿ ಎತ್ತಿ, ಅದರ ಹಿಡಿಯನ್ನ ಬಲಭುಜಕ್ಕೆ ಇಟ್ಟ...

"ಜಾರಿತು.

"ಮತ್ತೆ ಇಟ್ಟ. ಮತ್ತೆ ಜಾರಿತು. ಅಲ್ಲಿ ಮೊದಲೇ ಏನೋ ಕೂತಿದೆ ಅನ್ನೋ ಹಾಗೆ, ಭುಜದಲ್ಲಿ ಜಾಗಾನೇ ಇಲ್ಲ ಅನ್ನೋ ಹಾಗೆ. ಅವನ ದಳದವರು ಮೊದಲು ನಕ್ಕರು. ಆಮೇಲೆ ಅವರಲ್ಲೇ ಒಬ್ಬ ಮೇಬ್ರಿ ಭುಜದ ಕಡೆ ಬೆರಳು ಮಾಡಿ ಬಾಯಿ ತೆರೆದವನು ಮುಚ್ಚಲೇ ಇಲ್ಲ. ಅಂಗಿ ಬಟ್ಟೆ ಒಳಕ್ಕೆ ತಗ್ಗಿತ್ತು, ಮಕ್ಕಳಾ. ಬೆರಳುಗಳು ಒತ್ತಿ ಹಿಡಿದ ತಗ್ಗು. ನಾಲ್ಕು ಬೆರಳು... ಹೆಬ್ಬೆರಳಿನ ಜಾಗ ಮಾತ್ರ ಸಪಾಟು.

"ಮೇಬ್ರಿ ತುಟಿ ಅಲ್ಲಾಡ್ತಿತ್ತು. ಕಿವಿ ಹತ್ರ ಯಾರೋ ಹೇಳಿಕೊಟ್ಟಿದ್ದನ್ನ ಹಿಂದೆ ಹಿಂದೆ ಹೇಳೋ ಮಗು ಹಾಗೆ. ನಮ್ಮ ಭಾಷೇಲಿ, ನಮ್ಮ ಪ್ರಾರ್ಥನೆ. ಎರಡನೇ ಸಾಲಿಂದ.

"ಅಪ್ಪ ಕೊನೇ ಕಂಬ ಕಿತ್ತು ಪಕ್ಕಕ್ಕಿಟ್ಟ. ದನ ನೀರು ಕುಡಿದವು. ಯಾರೂ ತಡೀಲಿಲ್ಲ.

"ಆಮೇಲೆ ದಂಗೆ ಆಯ್ತು, ಯುದ್ಧ ಆಯ್ತು, ಮೆಕ್ಸಿಕೊ ಸರ್ಕಾರ ಹೋಯ್ತು, ನಮ್ಮವರ ನೆಲ ಒಂದೊಂದಾಗಿ ಉತ್ತರದವರ ಬಾಯಿಗೆ ಬಿತ್ತು. ನಮ್ಮ ಹಟ್ಟಿ ಮಾತ್ರ ಇಲ್ಲೇ ಇದೆ, ನೀವು ಕೂತಿರೋದು ಅದರೊಳಗೇ. ಮೇಬ್ರಿ ಆ ಯುದ್ಧದಲ್ಲಿ ಒಂದು ಗುಂಡೂ ಹಾರಿಸ್ಲಿಲ್ಲ. ಅವನು ಸತ್ತ. ಮಗ ಬಂದ, ಈಗ ಮೊಮ್ಮಕ್ಕಳು. ಅವರು ಬೇಟೆಗೆ ಹೋಗೋವಾಗ ಕಣ್ಣಿಟ್ಟು ನೋಡು ಎವಾರಿಸ್ತೊ... ಆ ಮನೇಲಿ ಎಲ್ಲರೂ ಕೋವಿ ಎಡಭುಜಕ್ಕೆ ಇಡ್ತಾರೆ. ಹೋದ ಭಾನುವಾರ ಅಲ್ಲಿ ಹುಟ್ಟಿದ ಕೂಸನ್ನ ಸ್ನಾನ ಮಾಡಿಸಿ ಬಂದ ಸೂಲಗಿತ್ತಿ ನನಗೆ ಹೇಳಿದ್ಳು, ಅದರ ಬಲಭುಜದ ಮೇಲೆ ಕೆಂಪು ಮಚ್ಚೆ ಇದೆಯಂತೆ. ಸಾಲಾಗಿ ನಾಲ್ಕು."

ಎವಾರಿಸ್ತೊ ಕಂಬಳಿಯನ್ನು ಭುಜದ ಮೇಲೆ ಎಳೆದುಕೊಂಡು, ಆ ಕೈ ಬಿಡಿಸು ಅಂತ ಮೇಬ್ರಿ ನಿಮ್ಮಪ್ಪನನ್ನು ಕೇಳಲಿಲ್ಲವೇ ಅಜ್ಜಿ, ಎಂದ.

"ಕೇಳದೇ ಇರ್ತಾನಾ? ಕೇಳಿದ. ಅದೇ ಅಂಗಡೀಲಿ, ಅದೇ ಜನರ ಮುಂದೆ. ಒಣಗಿ ಕಡ್ಡಿ ಆಗಿದ್ದ. 'ನಿನಗೇನು ಬೇಕೋ ತಗೋ ನಸಾರಿಯೊ, ಒರತೆ ತಗೋ, ನೆಲ ತಗೋ. ಕೈ ತೆಗೆಯೋಕೆ ನಿಮ್ಮಪ್ಪನಿಗೆ ಹೇಳು ಅಣ್ಣಾ' ಅಂದ. ಅಣ್ಣಾ ಅಂದ, ಕೇಳಿಸ್ಕೊಂಡ್ರಾ?

"ಅಪ್ಪ ಅವನ ಮುಖ ನೋಡ್ಲಿಲ್ಲ. ಅವನ ಬೆನ್ನ ಹಿಂದೆ, ಯಾರೂ ಇಲ್ಲದ ಜಾಗಾನ ನೋಡಿದ. ಹ್ಯಾಟು ತೆಗೆದು ಅಲ್ಲಿಗೆ ತಲೆ ಬಾಗಿಸಿದ, ಬೆಳಿಗ್ಗೆ ಎದ್ದು ಹಿರಿಯರ ಆಶೀರ್ವಾದ ಕೇಳೋ ಹಾಗೆ. ಕೈ ತೆಗಿ ಅಂತ ಮಾತ್ರ ಕೇಳ್ಲಿಲ್ಲ... ಆಮೇಲೆ ಹ್ಯಾಟು ಹಾಕ್ಕೊಂಡ. ಅವತ್ತು ನಕ್ಕಿದ್ದ ಜನ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ರು. ಅಪ್ಪ ಅವರ ನಡುವೆ ನಡೆದು ಹೊರಟುಹೋದ."