ಕಿಸೆಯಲ್ಲಿಟ್ಟ ಟಿಕೆಟ್

ಕೊಪ್ಪಳದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸು, ಕಾಲೇಜು ಹುಡುಗಿಯೊಬ್ಬಳ ಕೈಗೆ ತನ್ನ ಮೊಬೈಲ್ ಕೊಟ್ಟಳು.

“ತಂಗಿ, ಕೇರಳ ಬಂಪರ್ ಲಾಟರಿ ರಿಸಲ್ಟ್ ಇವತ್ತ ಬಂದೈತಂತ. ಈ ಫೋಟೋದಾಗಿನ ನಂಬರ್ ಹತ್ತೇತೇನು ನೋಡವಾ.”

ಹುಡುಗಿ ಬಹಳ ಹೊತ್ತು ಹುಡುಕಿದಳು.

“ಇಲ್ರಿ ಅಕ್ಕಾ. ಯಾವ ಇನಾಮೂ ಹತ್ತಿಲ್ಲ.”

“ಛಲೋ ಆತು.”

“ಯಾಕ್ರಿ ಹಂಗಂತೀರಿ?”

“ನಮ್ಮನಿಯವ್ರು ಅಲ್ಲಿ ದುಡ್ಯಾಕ ಹೋದಾಗ ತಗೊಂಡಿದ್ರು. ಹೋದ ತಿಂಗಳ ತೀರಿಕೊಂಡ್ರು. ಮಣ್ಣು ಮಾಡೂ ಮುಂದ ಅವರ ಅಂಗಿ ಕಿಸೇದಾಗ ನಾನ ಟಿಕೆಟ್ ಇಟ್ಟೆ. ನಂಬರ್ ಹತ್ತಿದ್ರ ಮೈದುನರು ಕುಣಿ ಅಗೀತಿದ್ರವಾ. ಇನ್ನ ಸುಮ್ನ ಮಲಗ್ಲಿ.”

ತಾವರಗೇರಾ ಬಸ್ ಬಂತು. ಹೆಂಗಸು ಎದ್ದಳು.

“ಫೋಟೋ ಅಳಸ್ಲೇನ್ರಿ?”

“ಬ್ಯಾಡ ಬ್ಯಾಡ! ಟಿಕೆಟ್ ಹಿಡಿದ ಬೆರಳು ಅವರದು.”

ಮೊಬೈಲನ್ನು ಸೆರಗಿನಲ್ಲಿ ಒರೆಸಿಕೊಂಡು ಬಸ್ ಏರಿದಳು.